ಒಂದು ಎಳೆತ, ಒಂದು ತೋಟೆ

ಕೋವಿಯ ಗುಂಡು ಹಾರಿಹೋದ ಮೇಲೆ ಉಳಿಯುವುದೇನು? ಕಿವಿಯಲ್ಲಿ ಮೊಳಗುವ ಸದ್ದು, ಮತ್ತು ನೆಲಕ್ಕುದುರಿದ ಹಿತ್ತಾಳೆಯದೊಂದು ಬರಿಯ ಚಿಪ್ಪು. ಅಮೆರಿಕೆಯ ಗುರಿಕಾರರಲ್ಲಿ ಅನೇಕರು ಬಗ್ಗಿ ಅದನ್ನು ಆರಿಸಿಕೊಳ್ಳುತ್ತಾರೆ. ತೋಟೆಗೆ ಅಂಗಗಳು ನಾಲ್ಕು: ಚಿಪ್ಪು, ಅದರ ಬುಡದ ಕೇಪು, ಒಳಗಿನ ಮದ್ದು, ಬಾಯಲ್ಲಿ ಕೂರಿಸಿದ ಗುಂಡು. ಇವುಗಳಲ್ಲಿ ಮೂರು ಕ್ಷಣಾರ್ಧದಲ್ಲಿ ವ್ಯಯವಾಗುತ್ತವೆ. ಚಿಪ್ಪು ಮಾತ್ರ ಮತ್ತೆ ಮತ್ತೆ ತುಂಬಿಸಿಕೊಳ್ಳಲು ಸಿದ್ಧವಾಗಿರುತ್ತದೆ.

ಈ ವಿದ್ಯೆ ಹೊಸತಲ್ಲ. 1870ರ ದಶಕದಲ್ಲಿ ಅಲ್ಲಿಯ ಬಯಲುಸೀಮೆಯಲ್ಲಿ ಬೈಸನ್‌ಗಳನ್ನು ಬೇಟೆಯಾಡುತ್ತಿದ್ದವರು ಬಿಡಾರದಲ್ಲಿ ಕುಳಿತು ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಅಂಗಡಿ ಅಷ್ಟು ದೂರ! ಇಲ್ಲೊಂದು ವಿನೋದವೂ ಉಂಟು. ಚಿಪ್ಪಿನ ಬುಡದ ನಡುವೆ ಒಂದೇ ರಂಧ್ರವಿದ್ದರೆ ಸುಟ್ಟ ಕೇಪನ್ನು ಸೂಜಿಯಿಂದ ಸುಲಭವಾಗಿ ಹೊರನೂಕಬಹುದು. ಆ ಬಗೆಯನ್ನು ರೂಪಿಸಿದವನು ಆಂಗ್ಲ ಸೇನಾಧಿಕಾರಿ ಬಾಕ್ಸರ್. ಅದನ್ನು ಮನೆಮನೆಗೆ ಒಯ್ದವರು ಅಮೆರಿಕನರು. ಎರಡು ರಂಧ್ರಗಳ ತೊಡಕಿನ ಬಗೆ ಅಮೆರಿಕದ ಬರ್ಡಾನನದು. ಅದು ನೆಲೆಯೂರಿದ್ದು ಯೂರೋಪಿನ ಸೈನ್ಯಗಳಲ್ಲಿ.

ಒಂಟಿ ಯಂತ್ರದಲ್ಲಿ ಒಂದೊಂದು ಚಿಪ್ಪನ್ನೂ ಕೆಲಸಕೆಲಸಕ್ಕೆ ಎತ್ತಿಡಬೇಕು. ‘ಪ್ರೋಗ್ರೆಸಿವ್ ಪ್ರೆಸ್’ ಎಂಬುದರ ಜಾಣ್ಮೆ ಬೇರೆ. 1970ರ ದಶಕದಲ್ಲಿ, ವಿಮಾನಚಾಲಕನಾಗಿದ್ದ ಮೈಕ್ ಡಿಲನ್ ಇಂತಹ ಯಂತ್ರಗಳ ಉದ್ಯಮಕ್ಕೆ ಕೈಯಿಟ್ಟು ಅದಕ್ಕೆ ದೊಡ್ಡ ಹೆಸರು ತಂದನು. ಇದರಲ್ಲಿ ಚಿಪ್ಪುಗಳು ದುಂಡನೆಯ ತಟ್ಟೆಯೊಂದರಲ್ಲಿ ಸಾಲಾಗಿ ನಿಲ್ಲುತ್ತವೆ. ಹಿಡಿಕೆಯನ್ನು ಒಮ್ಮೆ ಎಳೆದು ಬಿಟ್ಟರೆ ಒಂದರ ಹಳೆಯ ಕೇಪು ಉದುರಿ ಮೈ ಅಳತೆಗೆ ಬರುತ್ತದೆ, ಹೊಸ ಕೇಪು ಕೂರುತ್ತದೆ. ಇನ್ನೊಂದಕ್ಕೆ ಮದ್ದು ಬೀಳುತ್ತದೆ. ಮತ್ತೊಂದರ ಬಾಯಿಗೆ ಗುಂಡು ಇಳಿಯುತ್ತದೆ. ತಟ್ಟೆ ಒಂದು ಮನೆ ಮುಂದಕ್ಕೆ ತಿರುಗುತ್ತದೆ. ಮನೆಗಳೆಲ್ಲ ತುಂಬಿದ ಮೇಲೆ ಎಳೆತಕ್ಕೊಂದು ತೋಟೆ! ರೈಫಲ್ಲಿನ ಚಿಪ್ಪಿಗಾದರೋ ಮುಂಚೆಯೇ ಜಿಡ್ಡು ಸವರಬೇಕು, ಉದ್ದವಾಗಿ ಬೆಳೆದ ಕತ್ತನ್ನು ಕತ್ತರಿಸಬೇಕು. ಆದುದರಿಂದಲೇ, ಕೂದಲೆಳೆಯ ಗುರಿಯನ್ನು ಬಯಸುವವರು ಇಂದಿಗೂ ಒಂಟಿ ಯಂತ್ರವನ್ನು ಬಿಟ್ಟಿಲ್ಲ. ವಾರವಾರವೂ ನೂರಾರು ಗುಂಡು ಹಾರಿಸುವವನಿಗೆ ಈ ವೇಗ ಬೇಕು.

ಸ್ವಂತ ಬಳಕೆಗಾಗಿ ತುಂಬಿಕೊಳ್ಳಲು ಅಮೆರಿಕೆಯ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ, ಮಾರುವುದಾದರೆ ಕೇಳುತ್ತದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮಲೆನಾಡಿನ ಹಳೆಯ ಕೇಪಿನ ಕೋವಿಯನ್ನು ಬಲ್ಲವರಿಗಾದರೂ ಇದರ ಮರ್ಮ ಹೊಸದೆನಿಸದು: ಅಲ್ಲಿಯೂ ಪ್ರತಿ ಹೊಡೆತಕ್ಕೂ ಮದ್ದನ್ನು ಅಳೆದೇ ಸುರಿಯಬೇಕು.

ಪ್ರಾಣಸಂಕಟವಿರುವುದು ಈ ಅಳತೆಯಲ್ಲಿಯೇ. ಮದ್ದನ್ನು ತೂಗುವುದು ಗ್ರೇನುಗಳಲ್ಲಿ. ಒಂದು ಪೌಂಡಿಗೆ 7,000 ಗ್ರೇನು, ಅಂದರೆ ಒಂದು ಗ್ರೇನು ಸರಿಸುಮಾರು ಅರ್ಧ ಗುಲಗಂಜಿಯ ತೂಕ. ಸಾಮಾನ್ಯ ರೈಫಲ್ ತೋಟೆಯೊಳಗೆ ಏಳುವ ಒತ್ತಡವಾದರೋ ಚದರ ಅಂಗುಲಕ್ಕೆ 60,000 ಪೌಂಡಿನ ಆಸುಪಾಸು. ಅದೂ ಕುಶಲಿಯ ಮುಖದಿಂದ ಗೇಣುದ್ದದ ದೂರದಲ್ಲಿ! ವೇಗವಾಗಿ ಉರಿಯುವ ಮದ್ದೂ ನಿಧಾನವಾಗಿ ಉರಿಯುವ ಮದ್ದೂ ಕಣ್ಣಿಗೆ ಒಂದೇ ಬಗೆಯ ಕರಿಯ ಕಾಳು. ಆದಕಾರಣ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕೆಂಬುದು ಈ ಕಸುಬಿನ ಮೊದಲ ಕಟ್ಟಳೆ.

ಹೆಚ್ಚಾದರೆ ಅನಾಹುತವೆಂಬುದು ಯಾರಿಗೂ ಹೊಳೆಯುತ್ತದೆ. ಮದ್ದೇ ಬೀಳದಿದ್ದರೂ ಅಷ್ಟೇ ಅಪಾಯ ಎಂಬುದು ಹೊಳೆಯುವುದಿಲ್ಲ. ಬರಿಯ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಕ್ಕೆ ನುಗ್ಗಿ ಅಲ್ಲಿಯೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಮತ್ತೊಂದನ್ನು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಕೈ ಲಯಬದ್ಧವಾಗಿ ಎಳೆಯುತ್ತಿರುವಾಗ ಫೋನು ಕೂಗಿತು, ಮಗು ಕರೆಯಿತು, ತಟ್ಟೆ ಅರ್ಧಕ್ಕೆ ನಿಂತಿತು ಎನ್ನಿ. ಆ ಚಿಪ್ಪಿಗೆ ಮದ್ದು ಬಿದ್ದಿತೋ ಇಲ್ಲವೋ? ಯಂತ್ರ ಹೇಳದು. ಬಲ್ಲವರು ಯಂತ್ರದ ಮೇಲೆ ಪುಟ್ಟ ದೀಪ ಕಟ್ಟಿಕೊಂಡು, ಗುಂಡು ಕೂರುವ ಮೊದಲು ಪ್ರತಿಯೊಂದು ಚಿಪ್ಪಿನೊಳಕ್ಕೂ ಇಣುಕುತ್ತಾರೆ. ಸಂಶಯ ಬಂದರೆ ಸುರಿದುಬಿಡುತ್ತಾರೆ. ಗುರಿಯ ಮೈದಾನದಲ್ಲಿ ‘ಢಂ’ ಎನ್ನಬೇಕಾದುದು ‘ಟುಸ್’ ಎಂದರೆ ಕೋವಿಯ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಸ್ವಲ್ಪ ಹೊತ್ತು ಕಾಯುತ್ತಾರೆ. ಬಳಿಕ ಬರಿದು ಮಾಡಿ, ನಳಿಗೆಯಲ್ಲಿ ಕಡ್ಡಿ ಆಡಿಸಿ ನೋಡಿದ ಮೇಲೆಯೇ ಮುಂದಿನ ತೋಟೆ.