ಫಲಿತಾಂಶಕ್ಕೆ ಕಾಯುವ ದಿನಗಳು

ಪರೀಕ್ಷೆ ಬರೆಯುವವಳು ಮಗಳೊಬ್ಬಳೇ. ಫಲಿತಾಂಶಕ್ಕೆ ಕಾಯುವವರು ಮಾತ್ರ ಮನೆಮಂದಿಯೆಲ್ಲ! ಎಸ್ಸೆಸ್ಸೆಲ್ಸಿ, ಪಿ.ಯು.ಸಿ. ಕಾಲದಲ್ಲಿ ಈ ಅನುಭವ ನಮಗೆಲ್ಲ ಆಗಿಯೇ ಇದೆ. ಆದರೆ ಅಮೆರಿಕದಲ್ಲಿ ನರ್ಸ್ ಆಗಲು ನಮ್ಮ ಹೆಣ್ಣುಮಕ್ಕಳು ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯ ಕಾಯುವಿಕೆಯೇ ಬೇರೆ. ಅದರ ರೀತಿನೀತಿ ಕಿಕ್ಕೇರಿಯಂಥ ಊರಿನ ತಾಯಂದಿರಿಗೆ ಗೊತ್ತಿಲ್ಲ. ಅರ್ಧ ಸಂಕಟ ಅಲ್ಲೇ ಹುಟ್ಟುತ್ತದೆ.

ನಮ್ಮಲ್ಲಿ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಪಾಸು ಮಾಡಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ಕೆಲಸಕ್ಕೆ ಸೇರಬಹುದು. ಅಮೆರಿಕದಲ್ಲಿ ಹಾಗಲ್ಲ. ಓದು ಮುಗಿದ ಮೇಲೂ ಲೈಸೆನ್ಸಿಗೆಂದೇ ಇನ್ನೊಂದು ಪರೀಕ್ಷೆ. 1994ರಿಂದ ಅದು ಕಂಪ್ಯೂಟರಿನಲ್ಲೇ ನಡೆಯುತ್ತಿದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ ಇನ್ನೂ 150.

ನಮ್ಮಕ್ಕ ಮಗಳ ಈ ಪರೀಕ್ಷೆಗೆಂದು ತನ್ನ ಎರಡೆಳೆ ಸರ ಅಡವಿಟ್ಟಿದ್ದಾಳೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ಹುಡುಗಿ ಪರೀಕ್ಷೆ ಮುಗಿಸಿ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದಳು. ಊಟ ಸೇರದು, ನಿದ್ದೆ ಬಾರದು. "150 ಪ್ರಶ್ನೆ ಇತ್ತಂತೆ, ಇವಳಿಗೆ 85ಕ್ಕೇ ನಿಲ್ಲಿಸ್‌ಬಿಟ್ರಂತೆ ಕಣೇ" ಎಂದು ಅಕ್ಕ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಈ 85ರ ಗುಟ್ಟು ತಿಳಿಯಬೇಕಾದ್ದೇ. ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಿದರೆ ಸುಲಭದ್ದು. ಅನ್ನ ಬೆಂದಿದೆಯೇ ಎಂದು ನಾವು ಅಗುಳು ಹಿಸುಕಿ ನೋಡುವುದಿಲ್ಲವೇ? ಬೆಂದಿದೆ ಅಥವಾ ಬೆಂದಿಲ್ಲ ಎಂದು ಖಾತ್ರಿಯಾದರೆ ಸಾಕು. ಅನುಮಾನವಿದ್ದರೆ ಇನ್ನೂ ನಾಲ್ಕು ಅಗುಳು. ಕಂಪ್ಯೂಟರೂ ಹಾಗೆಯೇ. ನೂರಕ್ಕೆ 95ರಷ್ಟು ಖಾತ್ರಿಯಾದರೆ ನಿಲ್ಲಿಸುತ್ತದೆ. 2023ರ ಏಪ್ರಿಲ್‌ನಿಂದ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ ಕಾಲಾವಕಾಶ. 85ಕ್ಕೆ ನಿಂತರೆ ಪಾಸೂ ಆಗಿರಬಹುದು, ಫೇಲೂ ಆಗಿರಬಹುದು. ಅಳುವುದಕ್ಕೂ ಕಾರಣವಿಲ್ಲ, ಲಾಡು ಕಟ್ಟುವುದಕ್ಕೂ ಇಲ್ಲ!

ಪರೀಕ್ಷಾ ಕೇಂದ್ರದಲ್ಲಿ ಫಲಿತಾಂಶ ಹೇಳುವುದಿಲ್ಲ. ಎರಡೆರಡು ಸಲ ತಾಳೆ ನೋಡುತ್ತಾರೆ. ಅಮೆರಿಕದ ಕೆಲವು ರಾಜ್ಯಗಳಿಗೆ ಅರ್ಜಿ ಹಾಕಿದವರು ಸುಮಾರು 8 ಡಾಲರ್ ಕಟ್ಟಿದರೆ ಎರಡು ಕೆಲಸದ ದಿನಗಳ ನಂತರ ಅನಧಿಕೃತವಾಗಿ ತಿಳಿಯಬಹುದು. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ನಮ್ಮ ಹುಡುಗಿಯ ರಾಜ್ಯಕ್ಕೆ ಆ ಸೌಕರ್ಯವಿಲ್ಲ. ಅಧಿಕೃತ ಫಲಿತಾಂಶಕ್ಕೆ ಆರು ವಾರಗಳವರೆಗೂ ಹಿಡಿಯಬಹುದು. ಇನ್ನೊಂದು ಸಲ ಶುಲ್ಕ ಕಟ್ಟಲು ಹೋಗಿ, ಕಂಪ್ಯೂಟರ್ ಬೇಡವೆಂದರೆ ಪಾಸಾದಂತೆ ಎಂಬ ಉಪಾಯವನ್ನು ಗೆಳತಿಯರು ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ದುಡ್ಡು ಹೋದರೂ ಹೋಯಿತು!

ಇನ್ನು ಬೀದಿಯವರ ವಿಚಾರಣೆ. "ಏನವ್ವ, ರಿಜಲ್ಟ್ ಬಂತಾ?" ನೀರಿಗೆ ಹೋದರೂ ಅದೇ, ಕಿಕ್ಕೇರಮ್ಮನ ಗುಡಿಗೆ ಹೋದರೂ ಅದೇ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಆ ಹುಡುಗಿಗೆ ಚುಚ್ಚಿದಂತಾಗುತ್ತದೆ. ಅಕ್ಕನಿಗೆ ನಾನು ಹೇಳಿಕೊಟ್ಟ ಉತ್ತರ: "ಆರು ವಾರ ಆಗುತ್ತಂತೆ, ಬಂದಾಗ ನಾನೇ ಬಂದು ಹೇಳ್ತೀನಿ." ಎರಡು ದಿನದಲ್ಲಿ ಕೇಳುವವರು ಕಡಿಮೆಯಾದರು. ಊಟಕ್ಕೆ ಒತ್ತಾಯ ಮಾಡದೆ ಸಂಜೆಗೆ ತೆಳ್ಳಗೆ ರಾಗಿ ಗಂಜಿ, ರಾತ್ರಿ ಮೆಣಸಿನ ಸಾರು ಅನ್ನ ಕೊಟ್ಟೆವು. ಅಷ್ಟು ಸೇರಿತು. ಮೂರನೆಯ ರಾತ್ರಿ ಹುಡುಗಿ ತಾನೇ ಬಾಯಿಬಿಟ್ಟಳು: "ಚಿಕ್ಕವ್ವ, ಫೇಲಾದ್ರೆ ಅವ್ವನ ಸರ ಬಿಡಿಸೋದು ಹೆಂಗೆ?"

ಭಯ ಪರೀಕ್ಷೆಯದ್ದಲ್ಲ, ಸರದ್ದು! ಅಂದೇ ಮೂವರೂ ಕುಳಿತು ಲೆಕ್ಕ ಹಾಕಿದೆವು. ಫೇಲಾದವರಿಗೆ ಯಾವ ಭಾಗದಲ್ಲಿ ಹಿಂದೆ ಬಿದ್ದರೆಂದು ವರದಿ ಕೊಡುತ್ತಾರೆ. 45 ದಿನ ಕಳೆದರೆ ಮತ್ತೆ ಬರೆಯಬಹುದು. ಪಾಸಾದರೂ ಮರುದಿನವೇ ವಿಮಾನವಿಲ್ಲ. ಇಂಗ್ಲಿಷ್ ಪರೀಕ್ಷೆ, ವೀಸಾಸ್ಕ್ರೀನ್ ಪ್ರಮಾಣಪತ್ರ, ವೀಸಾದ ಸರದಿ ಎಂದು ವರ್ಷಗಳೇ ಹಿಡಿಯಬಹುದು. ಹಾಗಾಗಿ ಸರದ ಬಡ್ಡಿಗೆ ಮೈಸೂರಿನ ಸಂಬಳವೇ ಆಧಾರ, ಆ ಕೆಲಸ ಬಿಡುವುದು ಬೇಡವೆಂದು ತೀರ್ಮಾನವಾಯಿತು. ಹುಡುಗಿ ಮರುದಿನ ರಾತ್ರಿ ಪಾಳಿಗೆಂದು ಬಸ್ಸು ಹತ್ತಿದಳು.

ಉಳಿದದ್ದು ಗಂಡಿನ ಕಡೆಯವರ ಮಾತು. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದಿದ್ದರು. ಅಕ್ಕ ಫೋನಿನಲ್ಲಿ ಹೇಳಿದಳು: "ನಮ್ಮುಡುಗಿ ಈಗ್ಲೂ ನರ್ಸೇ. ಹುಡುಗಿ ಬೇಕಾದ್ರೆ ಈಗ್ಲೇ ಬನ್ನಿ. ಅಮೆರಿಕ ಬೇಕಾದ್ರೆ ಕಾಯ್ಕೊಂಡಿರಿ." ಅವರಿಂದ ಇನ್ನೂ ಉತ್ತರ ಬಂದಿಲ್ಲ.