ಸಿನಿಮಾ ಗೊಂಬೆಗಳ ಸಂಗ್ರಹ: ಅಟ್ಟದ ಮೇಲಿನ ಸರಕು ಮತ್ತು ಅದರ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಅಂಗಡಿಗಳಲ್ಲಿ ದಾಸ್ತಾನಿನ ಎಣಿಕೆ ಆರಂಭವಾಗುತ್ತದೆ. ಹಳೆಯ ಫ್ಯಾನ್ಸಿ ಸ್ಟೋರುಗಳ ಅಟ್ಟದ ಮೇಲೆ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಮಾರಾಟವಾಗದೆ ಉಳಿದ ಆಟಿಕೆಗಳ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ. ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ‘ಡೆಡ್ ಸ್ಟಾಕ್’ ಎಂದು ಬರೆದು ಒಂದು ರೂಪಾಯಿ ಬೆಲೆ ಕಟ್ಟಿ ಮತ್ತೆ ಮೇಲಿಡುವುದು, ಇಲ್ಲವೇ ಜಾತ್ರೆಯ ಅಂಗಡಿಯವರಿಗೆ ಒಟ್ಟಾಗಿ ಕೊಟ್ಟುಬಿಡುವುದು ರೂಢಿ. ಆ ಪೆಟ್ಟಿಗೆಯಲ್ಲಿ ರಟ್ಟಿನ ಕಾರ್ಡಿಗೆ ಅಂಟಿಸಿ, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಸಿನಿಮಾ ಅಥವಾ ಟೀವಿ ಪಾತ್ರಗಳ ಗೊಂಬೆಗಳಿದ್ದರೆ, ಕೊಟ್ಟುಬಿಡುವ ಮುನ್ನ ಸ್ವಲ್ಪ ತಡೆಯುವುದು ಉಚಿತ. ಅವುಗಳಿಗೆ ಇಂದು ಮಕ್ಕಳಲ್ಲದ ಬೇರೊಂದು ವರ್ಗದ ಗಿರಾಕಿಗಳಿದ್ದಾರೆ.

ಕೈಕಾಲು ಆಡಿಸಬಹುದಾದ ಇಂತಹ ಗೊಂಬೆಗಳಿಗೆ ‘ಆಕ್ಷನ್ ಫಿಗರ್’ ಎಂಬ ಹೆಸರು ಬಂದದ್ದು 1964ರಲ್ಲಿ. ಗೊಂಬೆ ಎಂದರೆ ಗಂಡು ಮಕ್ಕಳು ಮುಟ್ಟುವುದಿಲ್ಲವೆಂದು ಅಮೆರಿಕದ ಹಾಸ್‌ಬ್ರೊ ಕಂಪನಿಯು ತನ್ನ ಜಿ.ಐ. ಜೋ ಸೈನಿಕನಿಗೆ ಈ ಹೆಸರನ್ನು ಕೊಟ್ಟಿತು. ಸಿನಿಮಾ ಗೊಂಬೆಯ ವ್ಯಾಪಾರವನ್ನು ದೊಡ್ಡದು ಮಾಡಿದ್ದು ಮಾತ್ರ 1977ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ಸ್ಟಾರ್ ವಾರ್ಸ್’ ಚಿತ್ರ. ಗೊಂಬೆ ತಯಾರಿಸುವ ಪರವಾನಗಿಯು ಕೆನ್ನರ್ ಎಂಬ ಕಂಪನಿಗೆ ದೊರೆಯಿತು. ಚಿತ್ರ ಇಷ್ಟು ಓಡುತ್ತದೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ ಆ ವರ್ಷದ ಕ್ರಿಸ್‌ಮಸ್ ವೇಳೆಗೆ ಸರಕೇ ಸಿದ್ಧವಿರಲಿಲ್ಲ. ಕಂಪನಿಯು ಗೊಂಬೆಯ ಬದಲು ರಟ್ಟಿನ ಪೊಟ್ಟಣವೊಂದನ್ನು ಮಾರಿತು. ಅದರೊಳಗಿದ್ದ ಚೀಟಿಯನ್ನು ಅಂಚೆಯಲ್ಲಿ ಕಳುಹಿಸಿದವರಿಗೆ 1978ರ ಆರಂಭದಲ್ಲಿ ನಾಲ್ಕು ಗೊಂಬೆಗಳು ಮನೆಗೆ ಬಂದವು. ಸರಕಿಲ್ಲದೆ ಮುಂಗಡ ಪಡೆದ ವ್ಯಾಪಾರಗಳಲ್ಲಿ ಇಷ್ಟು ಯಶಸ್ವಿಯಾದದ್ದು ವಿರಳ. ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಪಾತ್ರಗಳ ವ್ಯಾಪಾರದ ಹಕ್ಕನ್ನು ತಮ್ಮಲ್ಲಿಯೇ ಉಳಿಸಿಕೊಂಡಿದ್ದರು ಎಂಬುದು ವರ್ತಕರು ಗಮನಿಸಬೇಕಾದ ಅಂಶ. ಅವರ ಸಂಪತ್ತಿಗೆ ಮೂಲವಾದದ್ದು ಟಿಕೆಟ್ಟಿನ ಹಣಕ್ಕಿಂತ ಹೆಚ್ಚಾಗಿ ಈ ಹಕ್ಕು.

ಸಂಗ್ರಾಹಕರ ಪೇಟೆಯಲ್ಲಿ ಬೆಲೆ ಏರುವ ರೀತಿ ಮಾಮೂಲು ವ್ಯಾಪಾರದ ರೀತಿಗೆ ತದ್ವಿರುದ್ಧವಾಗಿದೆ. ಲಕ್ಷಗಟ್ಟಲೆ ಮಾರಾಟವಾದ ಗೊಂಬೆಗೆ ಬೆಲೆ ಕಡಿಮೆ. ಕೊನೆಗೆ ಬಂದು, ಮಾರಾಟವಾಗದೆ ನಿಂತುಹೋದದ್ದಕ್ಕೆ ಬೆಲೆ ಹೆಚ್ಚು. ಕೆನ್ನರ್ ಕಂಪನಿಯು 1985ರಲ್ಲಿ ಆ ಮಾಲಿಕೆಯನ್ನು ನಿಲ್ಲಿಸುವ ಹೊತ್ತಿಗೆ ಹೊರತಂದ ಗೊಂಬೆಗಳು ಆಗ ಯಾರಿಗೂ ಬೇಡವಾಗಿದ್ದವು. ಇಂದು ಅವುಗಳನ್ನೇ ಹುಡುಕುತ್ತಾರೆ. ಇನ್ನೂ ವಿಚಿತ್ರವೆಂದರೆ ಮಾರುಕಟ್ಟೆಗೇ ಬಾರದ ಗೊಂಬೆಯ ಕಥೆ. ಬೋಬಾ ಫೆಟ್ ಎಂಬ ಪಾತ್ರದ ಬೆನ್ನಿನಿಂದ ಪುಟ್ಟ ರಾಕೆಟ್ ಹಾರುವಂತೆ ಮಾದರಿಗಳನ್ನು ತಯಾರಿಸಲಾಗಿತ್ತು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆಯ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗುವೊಂದು ಸತ್ತಿದ್ದರಿಂದ ಇದನ್ನು ಕೈಬಿಡಲಾಯಿತು. ಉಳಿದ ಕೆಲವೇ ಮಾದರಿಗಳಲ್ಲಿ ಒಂದು 2024ರಲ್ಲಿ 5,25,000 ಡಾಲರುಗಳಿಗೆ ಹರಾಜಾಯಿತು.

ಇಂತಹ ಬೆಲೆಗಳನ್ನು ಓದಿ ಹೊಸದುರ್ಗದ ಅಟ್ಟದ ಮೇಲೆ ನಿಧಿ ಇದೆಯೆಂದು ಭಾವಿಸಬಾರದು. ಹಾಗೆಂದು ಏನೂ ಇಲ್ಲವೆಂದೂ ಹೇಳಲಾಗದು. 1987ರಲ್ಲಿ ಎಂ.ಆರ್.ಎಫ್. ಮತ್ತು ಹಾಸ್‌ಬ್ರೊ ಕಂಪನಿಗಳು ಸೇರಿ ಸ್ಥಾಪಿಸಿದ ಫನ್‌ಸ್ಕೂಲ್ ಸಂಸ್ಥೆಯು ಜಿ.ಐ. ಜೋ ಗೊಂಬೆಗಳನ್ನು ಭಾರತದಲ್ಲಿಯೇ ತಯಾರಿಸಿತು. ಅಮೆರಿಕದ ಹಳೆಯ ಅಚ್ಚುಗಳಿಂದ ತೆಗೆದರೂ ಬಣ್ಣಗಳು ಅಲ್ಲಿಯವಕ್ಕಿಂತ ಬೇರೆಯಾಗಿದ್ದವು. ನಮ್ಮಲ್ಲಿ ಯಾರೂ ಲೆಕ್ಕಿಸದ ಈ ಬಣ್ಣದ ವ್ಯತ್ಯಾಸಕ್ಕಾಗಿಯೇ ವಿದೇಶದ ಸಂಗ್ರಾಹಕರು ಭಾರತದ ಸರಕನ್ನು ಕೇಳಿ ಕೊಳ್ಳುತ್ತಾರೆ. ಆದರೆ ಕಾರ್ಡು ಮಡಿಸಿರಬಾರದು, ಮೇಲಿನ ಪ್ಲಾಸ್ಟಿಕ್ ಒಡೆದಿರಬಾರದು, ಬೆಲೆಯ ಚೀಟಿಯನ್ನು ಕಿತ್ತು ರಟ್ಟನ್ನು ಹರಿದಿರಬಾರದು. ಗೊಂಬೆಯ ಪೊಟ್ಟಣವನ್ನು ಬಿಚ್ಚಿ ಮಗುವಿನ ಕೈಗೆ ಕೊಟ್ಟು ನೋಡುವ ನಮ್ಮ ಅಂಗಡಿಗಳ ಔದಾರ್ಯಕ್ಕೆ ಈ ವ್ಯಾಪಾರದಲ್ಲಿ ಸ್ಥಾನವಿಲ್ಲ.

ಗಿರಾಕಿ ದೊರೆತಾಗ ಲೆಕ್ಕ ಹೇಗೆ? ಒಬ್ಬ ವರ್ತಕರಲ್ಲಿ ತಲಾ 60 ರೂಪಾಯಿಗೆ ಕೊಂಡ 40 ಗೊಂಬೆಗಳು ಉಳಿದಿವೆ ಎಂದಿಟ್ಟುಕೊಳ್ಳೋಣ. ಇಂದಿನ ಬೆಲೆ ಎಷ್ಟೇ ಇರಲಿ, ಅಂತಿಮ ದಾಸ್ತಾನನ್ನು ಅಸಲು ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅಂದರೆ ಮಾರುವ ತನಕ 2,400 ರೂಪಾಯಿಗಿಂತ ಹೆಚ್ಚು ತೋರಿಸುವಂತಿಲ್ಲ. ಅವುಗಳಲ್ಲಿ 30 ಗೊಂಬೆಗಳನ್ನು ತಲಾ 1,500 ರೂಪಾಯಿಯಂತೆ ಮಾರಿದರೆ 45,000 ರೂಪಾಯಿ ಬರುತ್ತದೆ. ಅಸಲು 1,800 ಕಳೆದು 43,200 ಆ ವರ್ಷದ ವ್ಯಾಪಾರದ ಲಾಭ. ಹಿಂದಿನ ವರ್ಷಗಳಲ್ಲಿಯೇ ಸರಕನ್ನು ಲೆಕ್ಕದಿಂದ ಪೂರ್ತಿ ತೆಗೆದುಹಾಕಿದ್ದರೆ 45,000 ಪೂರ್ತಿಯಾಗಿ ಲಾಭವೇ. ‘ಲೆಕ್ಕದಲ್ಲಿಲ್ಲದ ಸರಕು, ಲೆಕ್ಕದಲ್ಲಿಲ್ಲದ ಹಣ’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಗಿರಾಕಿ ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸುತ್ತಾನೆ.

ಅಂಗಡಿಯಿಲ್ಲದ ಗೃಹಸ್ಥನೊಬ್ಬ ತಾನು ಕೂಡಿಟ್ಟದ್ದನ್ನು ಮಾರಿದರೆ ಪ್ರಶ್ನೆ ಬೇರೆಯಾಗುತ್ತದೆ. ಸ್ವಂತ ಬಳಕೆಯ ಚರ ವಸ್ತುಗಳನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ. ಒಡವೆ, ವರ್ಣಚಿತ್ರ, ಶಿಲ್ಪ ಮುಂತಾದ ಕಲಾಕೃತಿಗಳು ಮಾತ್ರ ಇದಕ್ಕೆ ಅಪವಾದ. ತೊಡಕು ಎಲ್ಲಿದೆಯೆಂದರೆ, ಗೊಂಬೆಗೆ ಬೆಲೆ ಬರುವುದು ಅದನ್ನು ಬಿಚ್ಚದೆ ಇಟ್ಟಾಗ. ಬಿಚ್ಚದೆ ಇಟ್ಟ ವಸ್ತುವನ್ನು ‘ಬಳಸಿದೆ’ ಎಂದು ವಾದಿಸುವುದು ಕಷ್ಟ. ಮೇಲಿಂದ ಮೇಲೆ ಕೊಂಡು ಮಾರುವವನ ಆದಾಯವಂತೂ ವ್ಯಾಪಾರದ ಆದಾಯವೇ.

ಜಿ.ಎಸ್.ಟಿ. ವಿಷಯದಲ್ಲಿ ಸಣ್ಣ ವರ್ತಕರು ಎಡವುವ ಸ್ಥಳ ದರವಲ್ಲ. ವಿದ್ಯುನ್ಮಾನವಲ್ಲದ ಆಟಿಕೆಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಎಡವುವುದು ಕಾಂಪೋಸಿಷನ್ ಎಂದು ಕರೆಯುವ ರಾಜಿ ತೆರಿಗೆ ಪದ್ಧತಿಯಲ್ಲಿ. ಈ ಪದ್ಧತಿಯಲ್ಲಿರುವ ವರ್ತಕರು ಸರಕನ್ನು ರಾಜ್ಯದ ಹೊರಗೆ ಮಾರುವಂತಿಲ್ಲ. ಹೊಸದುರ್ಗದಿಂದ ಬೆಂಗಳೂರಿನ ಸಂಗ್ರಾಹಕನಿಗೆ ಕಳುಹಿಸಿದರೆ ತೊಂದರೆಯಿಲ್ಲ; ಅದೇ ಗೊಂಬೆಯನ್ನು ಮುಂಬಯಿಗೆ ಪಾರ್ಸೆಲ್ ಮಾಡಿದರೆ ಪದ್ಧತಿಯ ಅರ್ಹತೆಯೇ ತಪ್ಪಿ, ಇಡೀ ವ್ಯಾಪಾರಕ್ಕೆ ಮಾಮೂಲು ದರ ಬೀಳುತ್ತದೆ. ವಿದೇಶಕ್ಕೆ ಕಳುಹಿಸುವುದೂ ಹೀಗೆಯೇ. ಎರಡು ಸಾವಿರದ ಗೊಂಬೆಗಾಗಿ ಇಡೀ ಅಂಗಡಿಯ ತೆರಿಗೆ ಕೆಡಿಸಿಕೊಳ್ಳುವುದು ಜಾಣತನವಲ್ಲ.

ಇದಕ್ಕಿಂತ ಗಂಭೀರವಾದುದು ಐ.ಎಸ್.ಐ. ಮುದ್ರೆಯ ಪ್ರಶ್ನೆ. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದಂತೆ 14 ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದೇಶಿಸಿದ ವಸ್ತುಗಳಿಗೆ ಈ ಮುದ್ರೆ ಕಡ್ಡಾಯ. 2023ರ ಜನವರಿಯ ವೇಳೆಗೆ ಮಾನಕ ಬ್ಯೂರೋ ದೇಶದ ದೊಡ್ಡ ಮಳಿಗೆಗಳಲ್ಲಿಯೇ ಮುದ್ರೆಯಿಲ್ಲದ 18,000ಕ್ಕೂ ಹೆಚ್ಚು ಆಟಿಕೆಗಳನ್ನು ವಶಪಡಿಸಿಕೊಂಡಿತ್ತು. ಹಳೆಯ ಗೊಂಬೆಗಳಿಗೆ ಈ ಮುದ್ರೆ ಇರುವುದಿಲ್ಲ. ‘ಸಂಗ್ರಹಕ್ಕೆ ಮಾತ್ರ’ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ವಿನಾಯಿತಿ ದೊರೆಯಿತೆಂದು ತಿಳಿಯಬಾರದು. ಅವುಗಳನ್ನು ಮಕ್ಕಳ ಆಟಿಕೆಗಳ ನಡುವೆ ಶೋಕೇಸಿನಲ್ಲಿ ಇಡುವುದಂತೂ ಕೂಡದು. ಮಾರುವ ಮುನ್ನ ಬ್ಯೂರೋ ಕಚೇರಿಯಿಂದ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ. ಭೌಗೋಳಿಕ ಸೂಚಿಕೆ ಪಡೆದ ಚನ್ನಪಟ್ಟಣದ ಗೊಂಬೆಗಳ ಅಧಿಕೃತ ತಯಾರಕರಿಗೂ ನೋಂದಾಯಿತ ಕುಶಲಕರ್ಮಿಗಳಿಗೂ ಆದೇಶದಿಂದ ವಿನಾಯಿತಿ ಇದೆ.

ಇನ್ನು ಹೊಸದಾಗಿ ಗೊಂಬೆ ತಯಾರಿಸಬೇಕೆನ್ನುವ ಸಣ್ಣ ಉದ್ಯಮಿಗಳ ಮಾತು. ಚಿತ್ರದುರ್ಗ ಜಿಲ್ಲೆಯವರಿಗೆ ಮೊದಲು ಹೊಳೆಯುವ ಚಿತ್ರ ‘ನಾಗರಹಾವು’. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರದ ರಾಮಾಚಾರಿಯನ್ನೂ, ಜಯಂತಿಯವರ ಓಬವ್ವನನ್ನೂ ಅರಿಯದ ಕನ್ನಡಿಗರು ಕಡಿಮೆ. ಅಚ್ಚು ಮಾಡಿಸಿ ಕೋಟೆಯ ಬಾಗಿಲಲ್ಲಿ ಮಾರಿದರಾಯಿತು ಎನಿಸುವುದು ಸಹಜ. ಆದರೆ ಚಲನಚಿತ್ರದ ಕೃತಿಸ್ವಾಮ್ಯ 60 ವರ್ಷ. ಈ ಚಿತ್ರದ್ದು 2032ರ ಕೊನೆಯ ತನಕ ಉಳಿಯುತ್ತದೆ. ತ.ರಾ.ಸು. 1984ರಲ್ಲಿ ನಿಧನರಾದ ಕಾರಣ ಕಾದಂಬರಿಗಳ ಹಕ್ಕು 2044ರ ಕೊನೆಯವರೆಗೆ ಇರುತ್ತದೆ. ಕಲಾವಿದರ ಮುಖಚಹರೆಯ ಪ್ರಶ್ನೆ ಇವೆರಡಕ್ಕಿಂತಲೂ ಬೇರೆ. ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ, ಅವರ ಹಾಡಿನ ಸಾಲು ಹಾಡುವ ಆಮದು ಗೊಂಬೆಗಳನ್ನು ಮಾರಿದ ಅಂಗಡಿಗಳ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪು ನೀಡಿತು. ಅಲ್ಲಿ ಸಿಕ್ಕಿಬಿದ್ದವರು ಗೊಂಬೆಯನ್ನು ತಯಾರಿಸಿದವರಲ್ಲ, ಮಾರಿದ ಅಂಗಡಿಯವರು ಎಂಬುದನ್ನು ವರ್ತಕರು ನೆನಪಿನಲ್ಲಿಡಬೇಕು.

ಇತಿಹಾಸದ ಓಬವ್ವ ಮಾತ್ರ ಯಾರ ಸ್ವತ್ತೂ ಅಲ್ಲ. ಚಿತ್ರದ ಉಡುಪನ್ನೂ ಮುಖವನ್ನೂ ಅನುಸರಿಸದೆ, ಶಿಲ್ಪಿಯೊಬ್ಬರಿಂದ ಹೊಸದಾಗಿ ರೂಪಿಸಿದ ಒನಕೆ ಹಿಡಿದ ಗೊಂಬೆಗೆ ಯಾರ ಅನುಮತಿಯೂ ಬೇಕಿಲ್ಲ. ಅದರ ವಿನ್ಯಾಸವನ್ನು 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಮೊದಲು ಹತ್ತು, ಆಮೇಲೆ ಐದು ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ಅರ್ಜಿಯನ್ನು ಗೊಂಬೆ ಪೇಟೆಗೆ ಬರುವ ಮೊದಲೇ ಹಾಕಬೇಕು. ನಮ್ಮವರು ಮೊದಲು ಮಾರಿ, ನಕಲು ಕಾಣಿಸಿಕೊಂಡ ಮೇಲೆ ಆಡಿಟರ ಬಳಿ ಓಡಿ ಬರುತ್ತಾರೆ. ಸಿನಿಮಾದ ಪರವಾನಗಿಯನ್ನೇ ಪಡೆಯುವುದಾದರೆ ಮಾರಾಟದ ಮೇಲಿನ ರಾಯಧನವಲ್ಲದೆ, ಸರಕು ಹೋದರೂ ಹೋಗದಿದ್ದರೂ ಕೊಡಬೇಕಾದ ಕನಿಷ್ಠ ಖಾತರಿ ಮೊತ್ತವೊಂದು ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಚಿತ್ರ ಎರಡನೆಯ ವಾರಕ್ಕೇ ಬಿದ್ದುಹೋದರೂ ಆ ಹಣ ಕಟ್ಟಲೇಬೇಕು. ಕರಾರು ಮುಗಿದ ಮೇಲೆ ಉಳಿದ ಸರಕನ್ನು ಎಷ್ಟು ತಿಂಗಳ ತನಕ ಮಾರಬಹುದೆಂಬ ಕಲಮನ್ನು ಸಹಿ ಹಾಕುವ ಮುನ್ನವೇ ಓದಿಕೊಳ್ಳಬೇಕು.

ಅಟ್ಟದ ಪೆಟ್ಟಿಗೆಯ ವಿಷಯದಲ್ಲಿ ಒಂದು ಮಾತು ಉಳಿಯಿತು. ಆ ಗೊಂಬೆಗಳನ್ನು ಕೊಂಡ ಕಾಲದ ಖರೀದಿ ಬಿಲ್ಲು ಇನ್ನೂ ಇದ್ದರೆ, ಕಾನೂನಿನ ಅವಧಿ ಮುಗಿಯಿತೆಂದು ಅದನ್ನು ರದ್ದಿಗೆ ಹಾಕದೆ ಅದೇ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯದು. ಅಸಲು ಬೆಲೆಗೆ ತೆರಿಗೆ ಅಧಿಕಾರಿ ಕೇಳುವ ಆಧಾರ ಅದೇ. ಗೊಂಬೆ ನಕಲಲ್ಲವೆಂದು ಸಂಗ್ರಾಹಕನಿಗೆ ತೋರಿಸಬಹುದಾದ ಕಾಗದವೂ ಅದೇ.