ಲಟ್ಟಣಿಗೆ ಮಣೆಯೂ ನೆರೆಯವರ ಪಿಸ್ತೂಲೂ

ತಲೆಬರಹ ನೋಡಿ ಓದುಗರು ಗಾಬರಿಪಡಬೇಕಾಗಿಲ್ಲ. ನಮ್ಮ ಮನೆಯಲ್ಲಿರುವ ಆಯುಧಗಳೆಂದರೆ ಈಳಿಗೆಮಣೆ, ಎರಡು ಚಾಕು, ಒಂದಿಷ್ಟು ಅರಗಳು, ಅಷ್ಟೇ. ಆದರೆ ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯವರ ಪಿಸ್ತೂಲಿನ ಕೆಲಸಕ್ಕೆ ನಾವು ಕೈ ಹಾಕಿ, ಕೈ ಸುಟ್ಟುಕೊಳ್ಳದೆ ಪಾರಾದೆವು. ಅದರಿಂದ ಕಲಿತದ್ದು ಸಂಘದ ಕುಟುಂಬಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇವೆ.

ಒಹಾಯೋದಲ್ಲಿ ನಮ್ಮ ನೆರೆಯವರು ನಿವೃತ್ತ ಉಪಾಧ್ಯಾಯರು. ಅವರ ಗ್ಯಾರೇಜಿನಲ್ಲಿ ಕಾರಿಗಿಂತ ಹತ್ಯಾರುಗಳಿಗೇ ಹೆಚ್ಚು ಜಾಗ. ನಾಲ್ಕೈದು ನೂರು ಡಾಲರು ಕೊಟ್ಟು ಅವರು ಒಂದು ಮಿಲಿಟರಿ ಮಾದರಿಯ ಪಿಸ್ತೂಲು ಕೊಂಡರು. ಜಾನ್ ಬ್ರೌನಿಂಗ್ ಎಂಬ ಯೂಟಾ ಪ್ರಾಂತ್ಯದ ಮನುಷ್ಯ ರೂಪಿಸಿ, ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡ ಪಿಸ್ತೂಲಿನ ಪಡಿಯಚ್ಚು ಅದು. ಇಸವಿಯೇ ಅದರ ಹೆಸರಾಗಿಬಿಟ್ಟಿದೆ. 1985ರಲ್ಲಿ ಬೆರೆಟಾ ಪಿಸ್ತೂಲು ಆಯ್ಕೆಯಾಗುವವರೆಗೂ ಇಲ್ಲಿನ ಸಿಪಾಯಿಗಳ ಸೊಂಟದಲ್ಲಿ ಇದೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಇದನ್ನು ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ್ದು ಟೈಪ್‌ರೈಟರಿನ ರೆಮಿಂಗ್‌ಟನ್ ರ‍್ಯಾಂಡ್ ಕಂಪನಿ. ನಮ್ಮ ಅಮ್ಮಂದಿರಿಗೆಲ್ಲ ಪರಿಚಯವಿದ್ದ ಹೊಲಿಗೆ ಯಂತ್ರದ ಸಿಂಗರ್ ಕಂಪನಿಯೂ 500 ಮಾಡಿಕೊಟ್ಟಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಿಪೀನ್ಸಿನ ಮೋರೋ ಜನರೊಡನೆ ಕಾದಾಡುವಾಗ ಹಳೆಯ .38 ರಿವಾಲ್ವರು ಸಾಲದೆಂದು ಕಂಡದ್ದೂ .45ರ ದಪ್ಪ ಗುಂಡನ್ನು ಸೈನ್ಯ ಬಯಸಲು ಒಂದು ಕಾರಣ. ಈಗ ಅಗ್ಗದ ಪಡಿಯಚ್ಚು ಬರುತ್ತಿರುವುದೂ ಫಿಲಿಪೀನ್ಸಿನಿಂದಲೇ! ನೆರೆಯವರದೂ ಅಲ್ಲಿಯದೇ.

ಸಿಪಾಯಿಯ ಪಿಸ್ತೂಲೆಂದರೆ ಸರಕಾರಿ ಹಾಸ್ಟೆಲಿನ ಚಪ್ಪಲಿಯಿದ್ದಂತೆ. ಎಲ್ಲರ ಕಾಲಿಗೂ ಆಗುತ್ತದೆ, ಯಾರ ಕಾಲಿಗೂ ಸರಿಯಾಗುವುದಿಲ್ಲ. ಗುರಿ ನೋಡುವ ಮೊನೆ ಸಣ್ಣದು, ಕಣ್ಣಿಗೆ ಸಿಕ್ಕದು. ಗುಂಡು ಹಾರಿದಾಗ ಹಿಂದಕ್ಕೆ ಬರುವ ಸುತ್ತಿಗೆ ಹೆಬ್ಬೆರಳಿನ ಬುಡದ ಚರ್ಮವನ್ನು ಚಿವುಟುತ್ತದೆ. ಕುದುರೆಯೂ ಬಿರುಸು. ಹೀಗಾಗಿ ಅಗ್ಗದ್ದನ್ನು ಕೊಂಡು ಮನೆಯಲ್ಲೇ ಕೈಗೆ ಹೊಂದಿಸಿಕೊಳ್ಳುವ ಹವ್ಯಾಸ ಇಲ್ಲಿ ಅನೇಕರಿಗಿದೆ.

ನಾವು ಹಿಂದೆ ಬೆಂಗಳೂರಿನಲ್ಲಿ ಐ.ಟಿ.ಐ. ಫಿಟ್ಟರ್ ತರಬೇತಿ ಪಡೆದವರು. ಒಂದು ಕಬ್ಬಿಣದ ತುಂಡನ್ನು ಅರ ಹಾಕಿ ಮಟ್ಟಸ ಮಾಡುವುದರಲ್ಲೇ ಮೊದಲ ತಿಂಗಳುಗಳು ಕಳೆದಿದ್ದವು. ಇದನ್ನು ಎಂದೋ ನೆರೆಯವರಿಗೆ ಹೇಳಿದ್ದೆವು. ಅವರು ಮರೆತಿರಲಿಲ್ಲ. ಅದೇ ಸಮಯಕ್ಕೆ, ಊರಿನಿಂದ ತಂದ ಬೀಟೆ ಮರದ ಲಟ್ಟಣಿಗೆ ಮಣೆ ಇಲ್ಲಿನ ಹೀಟರಿನ ಒಣ ಗಾಳಿಗೆ ಸೀಳಿತು. ಬಿಸಾಡಲು ಮನಸ್ಸು ಬರಲಿಲ್ಲ. ನೆರೆಯವರೊಡನೆ ಮೂರು ಭಾನುವಾರ ಕೂತು ಅದನ್ನು ಕೊಯ್ದು, ಅರ ಹಾಕಿ, ಮರಳು ಕಾಗದದಲ್ಲಿ ಉಜ್ಜಿ, ಪಿಸ್ತೂಲಿನ ಹಿಡಿಗೆ ಎರಡು ಹೊಸ ಪಟ್ಟಿ ಮಾಡಿದೆವು. ನಾಲ್ಕು ತಿರುಪು ಬಿಚ್ಚಿ ಹಾಕಿದರೆ ಮುಗಿಯಿತು. "ಚಪಾತಿ ಲಟ್ಟಿಸಿದ ಮರ ರೀ ಅದು, ಇನ್ನು ಏನೇನು ನೋಡಬೇಕೋ" ಎಂದಳು ನಮ್ಮಾಕೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಹೊಗಳಿಕೆ ತಲೆಗೇರಿತ್ತು. ಕುದುರೆ ಬಿರುಸೆಂದು ನೆರೆಯವರು ಅಂದಾಗ, ಒಳಗಿನ ಚಿಕ್ಕ ತುಂಡೊಂದನ್ನು ಸಾಣೆಕಲ್ಲಿಗೆ ಹಿಡಿದು ನುಣುಪು ಮಾಡಿದವರು ನಾವೇ. ಹಿಂದಕ್ಕೆಳೆದ ಸುತ್ತಿಗೆಯನ್ನು ಬೀಳದಂತೆ ತಡೆದು ನಿಲ್ಲಿಸುವುದು ಆ ತುಂಡು. ಅದು ಕಚ್ಚಿಕೊಳ್ಳುವ ಕೊಕ್ಕೆಯ ಎತ್ತರ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಜೋಡಿಸಿ ನೋಡಿದರೆ ಕುದುರೆ ಬೆಣ್ಣೆಯಂತೆ ಬಂತು. ಇಬ್ಬರೂ ಬೀಗಿದೆವು.

ಮುಂದಿನ ಶನಿವಾರ ಗುಂಡು ಹಾರಿಸುವ ಮೈದಾನಕ್ಕೆ ಹೋದೆವು. ಅವರ ಮೊಮ್ಮಗನೂ ನಮ್ಮ ಮಗನೂ ಹಿಂದೆ ನಿಂತಿದ್ದರು. ನೆರೆಯವರು ಕುದುರೆ ಎಳೆದದ್ದು ಒಂದೇ ಸಲ. ಹಾರಿದ್ದು ಎರಡು ಗುಂಡು. ಮೊದಲನೆಯದರ ಹೊಡೆತಕ್ಕೆ ನಳಿಗೆ ಮೇಲೆದ್ದಿತ್ತು, ಎರಡನೆಯದು ಮಣ್ಣಿನ ದಿಬ್ಬದ ತುದಿಗೆ ಬಡಿಯಿತು. ಇನ್ನೊಂದು ಗೇಣು ಮೇಲಾಗಿದ್ದರೆ ದಿಬ್ಬ ದಾಟುತ್ತಿತ್ತು. ದಿಬ್ಬದ ಆಚೆ ರಸ್ತೆ. ಹುಡುಗರಿಗೆ ಅದು ತಮಾಷೆ. ನಮಗೆ ಕೈಕಾಲು ನಡುಗಿ, ಮನೆ ತಲಪುವವರೆಗೆ ಮಾತು ಹೊರಡಲಿಲ್ಲ.

ಪಿಸ್ತೂಲನ್ನು ಕಸುಬಿನ ಬಂದೂಕು ಮಿಸ್ತ್ರಿಯೊಬ್ಬರ ಬಳಿಗೆ ಒಯ್ದೆವು. ಆತ ಆ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ, "ಕೈ ಒಳ್ಳೆಯದೇ. ಆದರೆ ನುಣುಪು ಬೇರೆ, ಕೋನ ಬೇರೆ" ಎಂದು ಅದನ್ನೂ ಸುತ್ತಿಗೆಯನ್ನೂ ತೆಗೆದು ಗುಜರಿ ಡಬ್ಬಕ್ಕೆ ಹಾಕಿದ. ಹೊಸವು ಹಾಕಿಕೊಟ್ಟ. ಕುದುರೆ ಮತ್ತೆ ಸ್ವಲ್ಪ ಬಿರುಸಾಯಿತು. ಇರಲಿ.

ಆದ್ದರಿಂದ ನಮ್ಮ ಅನುಭವದ ಮಾತು ಇಷ್ಟು. ಹಿಡಿಯ ಪಟ್ಟಿ ಬದಲಿಸುವುದು, ಶುಚಿ ಮಾಡುವುದು, ಎಣ್ಣೆ ಹಾಕುವುದು ಮನೆಯ ಕೆಲಸ. ಕುದುರೆ, ಸುತ್ತಿಗೆ, ಭದ್ರತೆಯ ಕೀಲುಗಳು ಮಿಸ್ತ್ರಿಯ ಕೆಲಸ. ಒಂದೇ ಎಳೆತಕ್ಕೆ ಹಲವು ಗುಂಡು ಹಾರುವಂತೆ ಮಾಡಿದ ಆಯುಧ 1934ರ ಕಾನೂನಿನ ಪ್ರಕಾರ ಮೆಷಿನ್ ಗನ್. ಅದರ ತಂಟೆ ದೊಡ್ಡದು. ಚೌಕಟ್ಟಿನ ಮೇಲಿನ ನಂಬರನ್ನು ಅಳಿಸುವುದೂ ಅಪರಾಧ.

ಎಚ್-1 ಮೊದಲಾದ ವೀಸಾದ ಮೇಲಿರುವ ನಮ್ಮ ಹುಡುಗರು ಇನ್ನೊಂದು ವಿಷಯ ತಿಳಿದಿರಬೇಕು. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಸಿರು ಕಾರ್ಡು ಇರುವವರಿಗೆ ಈ ತಡೆಯಿಲ್ಲ. ಕೊಡಗಿನ ಸದಸ್ಯರು ನಗಬಹುದು. ಅವರಿಗೆ ಊರಿನಲ್ಲಿ ಲೈಸೆನ್ಸಿನ ವಿನಾಯಿತಿಯುಂಟು, 2019ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಿಯೂ ಆಗಿದೆ. ಆದರೆ ಆ ವಿನಾಯಿತಿ ಇಲ್ಲಿ ನಡೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ವಿಷಯ. ಮಕ್ಕಳನ್ನು ಬೇರೆಯವರ ಮನೆಗೆ ಆಡಲು ಕಳಿಸುವಾಗ ಊಟ ತಿಂಡಿಯ ಬಗ್ಗೆ ಹತ್ತು ಮಾತು ಕೇಳುತ್ತೇವೆ. "ಮನೆಯಲ್ಲಿ ಬಂದೂಕಿದೆಯೇ? ಬೀಗ ಹಾಕಿದ್ದೀರಾ?" ಎಂದು ಕೇಳಲು ಸಂಕೋಚ. ಕೇಳಿರಿ. ಇಲ್ಲಿನವರು ತಪ್ಪು ತಿಳಿಯುವುದಿಲ್ಲ. ನಾವು ಕೇಳಿದ ಮೇಲೆ ನೆರೆಯವರು ಉಕ್ಕಿನ ಪೆಟ್ಟಿಗೆ ತಂದರು. ಈಗ ಪಿಸ್ತೂಲು ಅದರೊಳಗೆ, ಗುಂಡುಗಳು ಬೇರೆ ಕಡೆ, ಎರಡಕ್ಕೂ ಬೀಗ.

ಈ ಸಲದ ಆಯುಧ ಪೂಜೆಗೆ ಅವರನ್ನೂ ಕರೆದಿದ್ದೆವು. ಅರಗಳು, ಈಳಿಗೆಮಣೆ, ಕಾರು, ಹೊಸ ಲಟ್ಟಣಿಗೆ ಮಣೆ ಎಲ್ಲಕ್ಕೂ ಕುಂಕುಮ ಇಟ್ಟದ್ದನ್ನು ನೋಡಿ, ತಮ್ಮ ಪಿಸ್ತೂಲನ್ನೂ ತರಲೇ ಎಂದು ಕೇಳಿದರು. ನಮ್ಮಾಕೆ ಒಪ್ಪಲಿಲ್ಲ. "ಅದು ಪೆಟ್ಟಿಗೆಯಲ್ಲೇ ಇರಲಿ. ಬೀಗದ ಕೈ ತನ್ನಿ, ಅದಕ್ಕೇ ಇಡೋಣ" ಎಂದಳು. ಅವರು ಹೋಗಿ ತಂದರು. ಕುಂಕುಮ ಇಟ್ಟು, ಕೋಸಂಬರಿ ಕೊಟ್ಟು ಕಳಿಸಿದೆವು.